ಮೊದಲು ಪಂಪ್‌ಸೆಟ್ಟು, ಆಮೇಲೆ ಟೀವಿ, ಕೊನೆಗೆ ಬಚ್ಚಲು

ಚಿಕ್ಕವ್ವನ ಮನೆಯ ಬಚ್ಚಲಿಗೆ ವಾಷಿಂಗ್ ಮೆಷಿನ್ ಬಂದು ಒಂದು ವರ್ಷವಾಯಿತು. ಧೂಳು ಕೂರದಿರಲಿ ಅಂತ ಹಳೇ ಸೀರೆಯ ತುಂಡೊಂದನ್ನು ಹೊದಿಸಿದ್ದಾಳೆ. ಬಚ್ಚಲಲ್ಲಿ ಪ್ಲಗ್ ಇಲ್ಲ. ಇರುವುದು ಒಂದು ಬಲ್ಬು ಮಾತ್ರ. ಹಾಗಾಗಿ ನಡುಮನೆಯಿಂದ ಒಂದು ವೈರು ಕಿಟಕಿ ದಾಟಿ, ಹಿತ್ತಲ ಗೋಡೆಗುಂಟ ಬಂದು ಮೆಷಿನ್ ಮುಟ್ಟುತ್ತದೆ. ಇಡೀ ಮನೆಗೆ ಮೂರೇ ಪ್ಲಗ್ಗು. ಅಡುಗೆಮನೆಯದು ಮಿಕ್ಸಿಗೆ. ನಡುಮನೆಯಲ್ಲಿ ಒಂದು ಫ್ರಿಜ್ಜಿಗೆ, ಇನ್ನೊಂದು ಟೀವಿಗೆ. ಬಟ್ಟೆ ಒಗೆಯಬೇಕಾದರೆ ಟೀವಿ ವೈರು ಕೀಳಬೇಕು. ಟೀವಿ ಮುಂದೆ ಕೂತವರು ಎದ್ದು ಹೋಗುವವರೆಗೂ ಬಟ್ಟೆ ನೆನೆಯುತ್ತಾ ಇರುತ್ತದೆ.

ಒದ್ದೆ ನೆಲದ ಮೇಲೆ ಆ ವೈರು ನೋಡಿದರೆ ನನಗೆ ಭಯ. ಎಲೆಕ್ಟ್ರೀಷಿಯನ್ ಕರೆಸಿ ಅಂತ ಹೇಳಿ ಹೇಳಿ ಸಾಕಾಗಿದೆ. "ಸುಗ್ಗಿ ಕಳೀಲಿ ಬುಡು" ಅನ್ನುತ್ತಾನೆ ಚಿಕ್ಕಪ್ಪ. ಎರಡು ಸುಗ್ಗಿ ಕಳೆದಿದೆ.

ಊರು ಮಳವಳ್ಳಿ ತಾಲ್ಲೂಕಿನದು. ನಾನಿರುವುದು ಮೈಸೂರಿನ ಕುವೆಂಪುನಗರದಲ್ಲಿ. ತಿಂಗಳಿಗೊಂದು ಸಲ ಊರಿಗೆ ಹೋಗಿ ಬರುತ್ತೇನೆ. ಫ್ರಿಜ್ಜೂ ಮೆಷಿನ್ನೂ ಚಿಕ್ಕವ್ವನ ಗೃಹಲಕ್ಷ್ಮಿ ದುಡ್ಡಿನಿಂದ ಬಂದದ್ದು. ತಿಂಗಳಿಗೆ ಬರುವ 2,000 ರೂಪಾಯಿಯನ್ನು ಹಾಗೇ ಚೀಟಿಗೆ ಹಾಕಿದಳು. ಮೊದಲ ಚೀಟಿ ಎತ್ತಿ ಫ್ರಿಜ್ ತಂದಳು, ಎರಡನೆಯದಕ್ಕೆ ಮೆಷಿನ್. ಈ ಯೋಜನೆಗೆ ಚಾಲನೆ ಸಿಕ್ಕಿದ್ದು ನಮ್ಮ ಮೈಸೂರಿನಲ್ಲೇ, 2023ರ ಆಗಸ್ಟ್ 30ರಂದು, ಮಹಾರಾಜ ಕಾಲೇಜು ಮೈದಾನದಲ್ಲಿ. ಅವತ್ತಿಂದ ಇವತ್ತಿನವರೆಗೂ ಜಗಳ ನಡೆದೇ ಇದೆ. ಒಬ್ಬರು ಇದನ್ನು ಬಿಟ್ಟಿ ಭಾಗ್ಯ ಅನ್ನುತ್ತಾರೆ. ಇನ್ನೊಬ್ಬರು ಫ್ರಿಜ್ ಪಕ್ಕ ನಿಂತ ಹೆಂಗಸಿನ ಫೋಟೋ ತೋರಿಸಿ, ನೋಡಿ, ಬದುಕು ಬದಲಾಯಿತು ಅನ್ನುತ್ತಾರೆ. ಮೆಷಿನ್ ಬಂದ ಮೇಲೆ ಆ ಹೆಂಗಸಿನ ಕೆಲಸ ಎಷ್ಟು ಕಡಿಮೆಯಾಯಿತು ಅಂತ ಇಬ್ಬರೂ ಕೇಳುವುದಿಲ್ಲ.

ನನಗೆ ಅದಕ್ಕಿಂತ ಮೊದಲಿನ ಇನ್ನೊಂದು ಪ್ರಶ್ನೆ ಇದೆ. ಈ ಮೆಷಿನ್ ಬಚ್ಚಲಿಗೆ ಬರುವುದಕ್ಕೆ ಇಷ್ಟು ವರ್ಷ ಯಾಕೆ ಹಿಡಿಯಿತು? ಒಂದು ಮನೆಗೆ ಯಾವ ಯಂತ್ರ ಮೊದಲು ಬಂತು, ಯಾವುದು ಕೊನೆಗೆ ಬಂತು ಅಂತ ಸುಮ್ನೆ ಒಂದು ಪಟ್ಟಿ ಮಾಡಿ ನೋಡಿ. ಆ ಮನೆಯಲ್ಲಿ ಯಾರ ಕೆಲಸವನ್ನು ಕೆಲಸ ಅಂತ ಲೆಕ್ಕ ಹಿಡಿದರು ಅನ್ನೋದು ಅಲ್ಲೇ ಗೊತ್ತಾಗುತ್ತದೆ.

ನಮ್ಮ ಕಡೆಯ ಪಟ್ಟಿ ಶುರುವಾಗೋದು ಬ್ಲಫ್‌ನಿಂದ. ಶಿವನಸಮುದ್ರದ ವಿದ್ಯುತ್ ಕೇಂದ್ರದ ಜಾಗಕ್ಕೆ ನಮ್ಮವರು ಕರೆಯುವ ಹೆಸರು ಅದು. 1902ರಲ್ಲಿ ಅಲ್ಲಿ ಕರೆಂಟ್ ಹುಟ್ಟಿತು. ಹುಟ್ಟಿದ್ದು ಮಳವಳ್ಳಿಯ ಮಗ್ಗುಲಲ್ಲಿ, ಹೋಗಿದ್ದು ಮಾತ್ರ ಸುಮಾರು 147 ಕಿಲೋಮೀಟರ್ ಆಚೆ, ಕೋಲಾರದ ಚಿನ್ನದ ಗಣಿಗೆ. 1905ರಲ್ಲಿ ಬೆಂಗಳೂರಿಗೆ ದೀಪ ಬಂತು. 1908ರಲ್ಲಿ ಮೈಸೂರಿಗೆ. ಸುತ್ತಲಿನ ಹಳ್ಳಿಯವರು ತಲೆ ಮೇಲೆ ಹಾದುಹೋಗುವ ತಂತಿ ನೋಡುತ್ತಾ ಸೀಮೆಎಣ್ಣೆ ಬುಡ್ಡಿ ಹಚ್ಚಿಕೊಂಡು ಕೂತರು. ನಮ್ಮಜ್ಜಿ ಮನೆಗೆ ಕರೆಂಟ್ ಬಂದಾಗ ನಾನು ಮೂರನೇ ಕ್ಲಾಸು. ಬ್ಲಫ್ ಶುರುವಾಗಿ ಆಗಲೇ 80 ವರ್ಷ ದಾಟಿತ್ತು.

ಹಾಗಂತ ಕರೆಂಟು ನಮ್ಮ ಕುಟುಂಬಕ್ಕೆ ಮೊದಲು ಬಂದದ್ದು ಮನೆಗಲ್ಲ. ತೋಟದ ಬಾವಿಗೆ. ಪಂಪ್‌ಸೆಟ್ಟಿಗೆ ಲೈನು ಎಳೆದು ಮೂರು ವರ್ಷವಾದ ಮೇಲೆ ಮನೆಗೆ ಬಲ್ಬು ಬಂತು. ಆ ಮೂರು ವರ್ಷ ಒಂದು ವಿಚಿತ್ರ ನಡೆಯಿತು. ಕಬ್ಬಿಗೆ ಬೇಕಾದ ನೀರನ್ನು ಮೋಟಾರು ಎತ್ತುತ್ತಿತ್ತು. ಕುಡಿಯೋ ನೀರನ್ನು ಅಜ್ಜಿ ಊರ ಬಾವಿಯಿಂದ ಹಗ್ಗ ಹಾಕಿ ಸೇದುತ್ತಿದ್ದಳು. ಇದರಲ್ಲಿ ಯಾರಿಗೂ ಏನೂ ತಪ್ಪು ಕಾಣಲಿಲ್ಲ. ಕಬ್ಬು ಫ್ಯಾಕ್ಟರಿಗೆ ಹೋಗುತ್ತದೆ, ದುಡ್ಡು ಬರುತ್ತದೆ. ಬಿಂದಿಗೆ ನೀರಿಗೆ ಯಾರು ದುಡ್ಡು ಕೊಡುತ್ತಾರೆ?

ಅಜ್ಜಿಯ ಕೆಲಸಗಳಲ್ಲೆಲ್ಲ ಭಾರವಾದದ್ದು ರಾಗಿ ಬೀಸುವುದು. ನಾನು ಹುಟ್ಟುವ ಹೊತ್ತಿಗೆ ಊರಿಗೆ ಮಿಲ್ಲು ಬಂದಿತ್ತು. ಹಾಗಾಗಿ ದಿನಾ ಬೀಸೋದನ್ನು ನಾನು ನೋಡಿಲ್ಲ. ಆದರೆ ಹುರುಳಿ, ಕಡಲೆ ಒಡೆಯೋಕೆ ಕಲ್ಲು ಇನ್ನೂ ಮೂಲೆಯಲ್ಲಿತ್ತು. ನಾನೂ ಕೂತು ತಿರುಗಿಸಿದ್ದೇನೆ. ಕೆಳಗಿನ ಕಲ್ಲು ಅಲುಗುವುದಿಲ್ಲ. ಮೇಲಿನದಕ್ಕೆ ಅಂಚಿನಲ್ಲಿ ಒಂದು ಮರದ ಗೂಟ. ಇಬ್ಬರು ಎದುರುಬದುರು ಕಾಲು ಚಾಚಿ ಕೂರಬೇಕು. ಬಲಗೈ ಗೂಟದ ಮೇಲೆ, ಎಡಗೈಯಲ್ಲಿ ಹಿಡಿ ಕಾಳು. ಕಲ್ಲು ಒಂದು ಸುತ್ತು ಬರೋದ್ರೊಳಗೆ ನಡುವಿನ ಬಾಯಿಗೆ ಕಾಳು ಬೀಳಬೇಕು. ಜಾಸ್ತಿ ಬಿದ್ದರೆ ನುಚ್ಚು ಬರುತ್ತದೆ, ಕಡಿಮೆ ಬಿದ್ದರೆ ಕಲ್ಲು ಕಲ್ಲು ತಿಕ್ಕಿ ಮರಳು ಸೇರುತ್ತದೆ. ಹತ್ತು ನಿಮಿಷಕ್ಕೆ ನನ್ನ ಭುಜ ಸೋತುಹೋಗುತ್ತಿತ್ತು. ಅಜ್ಜಿ ಅದನ್ನು ದಿನಾ ಮಾಡಿದವಳು. "ಕೋಳಿ ಕೂಗಕ್ ಮುಂಚೆ ಕೂತ್ರೆ, ಬೆಳಕರಿಯೋ ಹೊತ್ಗೆ ಅವತ್ತಿನ್ ಇಟ್ಟಾಗದು ಕನ ಮಗ" ಅಂತಿದ್ದಳು. ಅವಳ ಬಲಗೈ ಬೆರಳುಗಳ ಬುಡದಲ್ಲಿ ನಾಲ್ಕು ಗಡ್ಡೆ ಇದ್ದವು. ಬೀಸೋದು ಬಿಟ್ಟು ಇಪ್ಪತ್ತು ವರ್ಷವಾದರೂ ಅವು ಕರಗಲಿಲ್ಲ.

ಬೀಸುವ ಪದಗಳ ಬಗ್ಗೆ ಈಗ ತುಂಬ ಮಾತಾಡುತ್ತೇವೆ. ಮಾನಸಗಂಗೋತ್ರಿಯ ಜಯಲಕ್ಷ್ಮಿ ವಿಲಾಸದಲ್ಲಿ ಜಾನಪದ ವಸ್ತುಸಂಗ್ರಹಾಲಯ ಇದೆ. ಅಲ್ಲಿ ಹಳ್ಳಿಮನೆಯ ಸಾಮಾನುಗಳ ಮುಂದೆ ನಿಂತು ಎಷ್ಟು ಚೆಂದದ ಬದುಕು ಅಂತ ಉಸಿರು ಬಿಡುವವರನ್ನು ನೋಡಿದ್ದೇನೆ. ಪದಗಳು ಚೆಂದ ಇವೆ, ಅನುಮಾನ ಬೇಡ. ಯಾಕೆ ಹಾಡುತ್ತಿದ್ದಿರಿ ಅಂತ ಅಜ್ಜಿಯನ್ನು ಒಂದು ಸಲ ಕೇಳಿದ್ದೆ. "ತೂಕಡ್ಕೆ ಬರ್ದೆ ಇರ್ಲಿ ಅಂತ" ಅಂದಳು.

ಈ ಕೆಲಸದಿಂದ ಅವಳನ್ನು ಬಿಡಿಸಿದ್ದು ಮನೆಗೆ ಬಂದ ಯಾವ ಯಂತ್ರವೂ ಅಲ್ಲ. ಊರಿಗೆಲ್ಲ ಒಂದೇ ಇದ್ದ ಹಿಟ್ಟಿನ ಮಿಲ್ಲು. ಮನೆಯ ಯಂತ್ರಗಳ ಕತೆ ಹೇಳುವಾಗ ಮಿಲ್ಲನ್ನು ಯಾರೂ ಸೇರಿಸುವುದಿಲ್ಲ, ಅದು ಅಂಗಡಿ ಸಾಲಿಗೆ ಹೋಗುತ್ತದೆ. ನನ್ನ ಪ್ರಕಾರ ಮಂಡ್ಯ, ಮೈಸೂರು ಕಡೆಯ ಹೆಂಗಸರ ದಿನವನ್ನು ಅದರಷ್ಟು ಬದಲಾಯಿಸಿದ ಯಂತ್ರ ಇನ್ನೊಂದಿಲ್ಲ. ದಿನಕ್ಕೆ ಎರಡು ಗಂಟೆ ಕೆಲಸ ವಾರಕ್ಕೆ ಅರ್ಧ ಗಂಟೆಗೆ ಇಳಿಯಿತು.

ಮಿಲ್ಲು ಇನ್ನೊಂದನ್ನೂ ಮಾಡಿತು. ರಾಗಿ ಬೀಸುವಾಗ ಯಾವ ಗಂಡಸೂ ಗೂಟ ಮುಟ್ಟಿದವನಲ್ಲ. ಮಿಲ್ಲು ಬಂದದ್ದೇ ತಡ, ರಾಗಿ ಚೀಲ ಸೈಕಲ್ ಕ್ಯಾರಿಯರ್ ಮೇಲೆ ಏರಿತು. ಹಿಟ್ಟು ಮಾಡಿಸಿಕೊಂಡು ಬರುವುದು ಹುಡುಗರ ಕೆಲಸವಾಯಿತು. ನಾನೇ ಎಷ್ಟೋ ಸಲ ಮಿಲ್ಲಿನ ಕಟ್ಟೆ ಮೇಲೆ ಕೂತು, ಕಿವಿ ಗುಂಯ್‌ಗುಡುವ ಸದ್ದಲ್ಲಿ ಸರದಿ ಕಾದು, ಮೈತುಂಬ ಹಿಟ್ಟು ಮಾಡಿಕೊಂಡು ಬಂದಿದ್ದೇನೆ. ನೀರಿನ ಕತೆಯೂ ಇದೇ. ತಲೆ ಮೇಲೆ ಕೊಡ ಹೊರುವುದು ಹೆಂಗಸರದು. ಅದೇ ನೀರನ್ನು ಕ್ಯಾನಿನಲ್ಲಿ ತುಂಬಿ ಸ್ಕೂಟರ್ ಮುಂದೆ ಇಟ್ಟುಕೊಂಡು ಶುದ್ಧ ನೀರಿನ ಘಟಕದಿಂದ ತರುವುದು ಗಂಡಸರದು. ಹೊಸಿಲು ದಾಟಿ, ಚಕ್ರ ಸೇರಿದ ಕೆಲಸ ಕೈ ಬದಲಾಯಿಸಿತು. ಹೊಸಿಲೊಳಗೆ ಯಂತ್ರ ಬಂದ ಕೆಲಸ ಅದೇ ಕೈಯಲ್ಲೇ ಉಳಿಯಿತು. ಗ್ರೈಂಡರ್ ತೊಳೆಯುವ ಗಂಡಸರು ಇದ್ದೀರಾ? ಇದ್ದರೆ ಸಂತೋಷ.

ಮನೆಯೊಳಗಿನ ಪಟ್ಟಿಯಲ್ಲಿ ಮೊದಲು ಬಂದದ್ದು ರೇಡಿಯೋ. ಮೈಸೂರಿಗೆ ಇದರಲ್ಲಿ ಒಂದು ಹೆಮ್ಮೆ ಇದೆ. ಮನಃಶಾಸ್ತ್ರದ ಪ್ರೊಫೆಸರ್ ಎಂ.ವಿ. ಗೋಪಾಲಸ್ವಾಮಿ 1935ರಲ್ಲಿ ತಮ್ಮ ಮನೆಯಲ್ಲೇ ಬಾನುಲಿ ಕೇಂದ್ರ ತೆರೆದರು. ಆಕಾಶವಾಣಿ ಅನ್ನುವ ಹೆಸರು ಇಡೀ ದೇಶಕ್ಕೆ ಹೋದದ್ದು ಅಲ್ಲಿಂದಲೇ. ಆಮೇಲೆ ಟೀವಿ. 1987ರಲ್ಲಿ ಭಾನುವಾರ ಬೆಳಗ್ಗೆ ರಾಮಾಯಣ ಶುರುವಾದಾಗ ನಮ್ಮೂರಲ್ಲಿ ಇದ್ದದ್ದು ಒಂದೋ ಎರಡೋ ಟೀವಿ. ಒಂದು ನಮ್ಮ ಮನೆಯಲ್ಲಿತ್ತು. ಆಗ ನಮ್ಮ ಮನೆಯಲ್ಲಿ ಮಿಕ್ಸಿ ಇರಲಿಲ್ಲ, ಗ್ಯಾಸ್ ಇರಲಿಲ್ಲ, ನಲ್ಲಿ ಇರಲಿಲ್ಲ. ಟೀವಿ ಇತ್ತು! ಗಂಡಸರು ಚಾಪೆ ಮೇಲೆ, ಮಕ್ಕಳು ಮುಂದೆ, ಹೆಂಗಸರು ಅಡುಗೆಮನೆ ಬಾಗಿಲಿಗೆ ಒರಗಿಕೊಂಡು. ಒಲೆ ಮೇಲೆ ಸಾರು ಕುದಿಯುತ್ತಿರುತ್ತಿತ್ತು, ಅವರು ಪೂರ್ತಿ ಕೂರುವಂತಿರಲಿಲ್ಲ.

ಮಿಕ್ಸಿ ಆ ಹೊತ್ತಿಗೆ ಹೊಸ ವಸ್ತುವೇನಲ್ಲ. ಸತ್ಯಪ್ರಕಾಶ್ ಮಾಥುರ್ ಅನ್ನುವ ಎಂಜಿನಿಯರ್ ಸುಮೀತ್ ಮಿಕ್ಸಿ ಹೊರತಂದದ್ದು 1963ರಲ್ಲಿ. ಹೆಂಡತಿಯ ವಿದೇಶಿ ಮಿಕ್ಸರ್ ನಮ್ಮ ಮಸಾಲೆ ರುಬ್ಬಿ ರುಬ್ಬಿ ಕೆಟ್ಟುಹೋಗಿತ್ತು, ಇಲ್ಲಿ ರಿಪೇರಿ ಮಾಡುವವರು ಸಿಗಲಿಲ್ಲ, ಅದಕ್ಕೇ ನಮ್ಮ ಅಡುಗೆಗೆ ತಡೆಯುವಂಥ ಮೋಟಾರು ಮಾಡಿದರು. ಅದು ನಮ್ಮ ಮನೆಗೆ ಬರೋಕೆ ಇನ್ನೂ ಇಪ್ಪತ್ತೈದು ವರ್ಷ ಬೇಕಾಯಿತು. ದೊಡ್ಡಕೆರೆ ಮೈದಾನದ ದಸರಾ ವಸ್ತುಪ್ರದರ್ಶನದಲ್ಲಿ ಅವ್ವ ಒಂದು ಮಳಿಗೆ ಮುಂದೆ ಅರ್ಧ ಗಂಟೆ ನಿಂತಳು. ಅವನು ಕಡಲೆಬೇಳೆ ಹಾಕಿ ಗರ್ ಅನ್ನಿಸಿ ಹಿಟ್ಟು ತೋರಿಸುತ್ತಿದ್ದ. ಅಪ್ಪ ದೆಹಲಿ ಹಪ್ಪಳ ತಿಂದು ಮುಗಿಸಿ ವಾಪಸ್ ಬಂದರೂ ಅವಳು ಅಲ್ಲೇ ಇದ್ದಳು. ಆ ವರ್ಷ ಕೊಳ್ಳಲಿಲ್ಲ. ಮುಂದಿನ ದಸರಾದಲ್ಲೂ ಇಲ್ಲ. ಮೂರನೇ ವರ್ಷ ಬಂತು.

ಬಂದ ಮೇಲೆ ಆದದ್ದನ್ನು ಸ್ವಲ್ಪ ಗಮನಿಸಿ. ಅದಕ್ಕೆ ಮೊದಲು ನಮ್ಮ ಮನೆಯಲ್ಲಿ ದೋಸೆ, ಇಡ್ಲಿ ಅಂದರೆ ಹಬ್ಬ. ರುಬ್ಬುಗುಂಡು ತಿರುಗಿಸಿ ಹತ್ತು ಜನಕ್ಕೆ ಹಿಟ್ಟು ಮಾಡುವುದು ಸಣ್ಣ ಕೆಲಸವಲ್ಲ, ಅದಕ್ಕೇ ಯಾರೂ ದಿನಾ ಕೇಳುತ್ತಿರಲಿಲ್ಲ. ಬೆಳಗ್ಗೆ ಹೊತ್ತು ತಂಗಳಿಟ್ಟು, ಮಜ್ಜಿಗೆ, ಒಂದು ಈರುಳ್ಳಿ. ಮುಗಿಯಿತು. ಮಿಕ್ಸಿ ಬಂದಿತು, ಹಿಂದೆಯೇ ಗ್ರೈಂಡರ್. "ಇವತ್ತು ತಿಂಡಿ ಏನು?" ಅನ್ನುವ ಪ್ರಶ್ನೆ ನಮ್ಮ ಮನೆಯಲ್ಲಿ ಹುಟ್ಟಿದ್ದೇ ಆಗ. ಚಟ್ನಿ ದಿನಾ ಬೇಕು, ನಿನ್ನೆಯದು ಇವತ್ತು ಬೇಡ. ಆಮೇಲೆ ಮಕ್ಕಳ ಡಬ್ಬಿಗೆ ಒಂದು, ಆಫೀಸಿಗೆ ಹೋಗುವವರ ಡಬ್ಬಿಗೆ ಒಂದು. ಬೆಳಗ್ಗೆ ಎಂಟರೊಳಗೆ ಮೂರು ಅಡುಗೆ. ಒಂದು ಸಲ ರುಬ್ಬುವ ಶ್ರಮ ಹತ್ತರಲ್ಲಿ ಒಂದು ಪಾಲಾಯಿತು, ರುಬ್ಬುವ ಸಲಗಳು ಹತ್ತು ಪಟ್ಟಾದವು. ಬಟ್ಟೆಗೂ ಇದೇ ಲೆಕ್ಕ. ಎರಡು ಜೊತೆ ಬಟ್ಟೆಯ ಕಾಲದಲ್ಲಿ ವಾರಕ್ಕೊಂದು ಒಗೆತ. ಈಗ ಒಂದು ಸಲ ಹಾಕಿದ ಶರ್ಟು ನೇರ ಬಕೆಟ್ಟಿಗೆ.

ಅವ್ವನನ್ನು ಕೇಳಿದರೆ ಅವಳು ಮಿಕ್ಸಿಯನ್ನು ಬಿಟ್ಟುಕೊಡುವವಳಲ್ಲ. ನಾನೂ ಬಿಡು ಅನ್ನುತ್ತಿಲ್ಲ. ಒರಳಲ್ಲಿ ರುಬ್ಬಿದ ಚಟ್ನಿ ರುಚಿ ಈಗೆಲ್ಲಿ ಅಂತ ಕೊರಗುವವರ ಗುಂಪಿಗೆ ನಾನು ಸೇರಿದವನಲ್ಲ. ಆ ಕೊರಗನ್ನು ನಾನು ಕೇಳಿರುವುದೆಲ್ಲ ತಿಂದವರ ಬಾಯಲ್ಲಿ. ರುಬ್ಬಿದವರ ಬಾಯಲ್ಲಿ ಒಂದು ಸಲವೂ ಕೇಳಿಲ್ಲ.

ಗ್ಯಾಸಿನದು ಬೇರೆ ಕತೆ. ಉಜ್ವಲ ಯೋಜನೆ 2016ರ ಮೇನಲ್ಲಿ ಶುರುವಾದ ಮೇಲೆ ಬಡ ಮನೆಗಳಿಗೂ ಸಿಲಿಂಡರ್ ಬಂತು. ಆದರೆ ನಮ್ಮೂರಿನ ಮುಕ್ಕಾಲು ಮನೆಗಳಲ್ಲಿ ಇವತ್ತೂ ಸೌದೆ ಒಲೆ ಆರಿಲ್ಲ. ತಿಂಡಿ, ಕಾಫಿ ಗ್ಯಾಸಿನಲ್ಲಿ. ದೊಡ್ಡ ಪಾತ್ರೆಯ ಮುದ್ದೆ, ಬಚ್ಚಲ ಹಂಡೆ, ದನದ ಹುರುಳಿ ಬೇಯಿಸೋದು ಒಲೆಯಲ್ಲಿ. ಕಾರಣ ಸರಳ. ಸಿಲಿಂಡರಿಗೆ ಕೈಯಿಂದ ನೋಟು ಎಣಿಸಿ ಕೊಡಬೇಕು, ಅದನ್ನು ಕೊಡುವವನು ಗಂಡ. ತೆಂಗಿನ ಗರಿ, ಮಟ್ಟೆ, ಕಬ್ಬಿನ ತರಗು ಪುಕ್ಕಟೆ. ಅದನ್ನು ಆಯ್ದು, ಹೊತ್ತು, ಒಣಗಿಸಿ, ಊದುಗೊಳವೆ ಊದಿ, ಕಣ್ಣಲ್ಲಿ ನೀರು ಸುರಿಸಿ ಉರಿ ಹಚ್ಚುವವಳ ಹೊತ್ತಿಗೆ ಬೆಲೆ ಕಟ್ಟಿಲ್ಲವಲ್ಲ, ಅದಕ್ಕೇ ಪುಕ್ಕಟೆ.

ಈ ಹೊತ್ತನ್ನು ಸರ್ಕಾರ ಒಂದಿಷ್ಟು ಅಳೆದಿದೆ. ಜನ ದಿನದ 24 ಗಂಟೆ ಹೇಗೆ ಕಳೆಯುತ್ತಾರೆ ಅನ್ನುವ ರಾಷ್ಟ್ರೀಯ ಸಮೀಕ್ಷೆ 2019ರಲ್ಲಿ ಒಂದು ಸಲ, 2024ರಲ್ಲಿ ಇನ್ನೊಂದು ಸಲ ನಡೆಯಿತು. ಸಂಬಳವಿಲ್ಲದ ಮನೆಗೆಲಸಕ್ಕೆ 2019ರಲ್ಲಿ ಹೆಂಗಸರು ದಿನಕ್ಕೆ ಸರಾಸರಿ 299 ನಿಮಿಷ ಕೊಟ್ಟರೆ, ಗಂಡಸರು 97. ಐದು ವರ್ಷವಾದ ಮೇಲೆ ಹೆಂಗಸರದು 289, ಗಂಡಸರದು 88. ಇದು 6 ವರ್ಷ ಮೇಲ್ಪಟ್ಟವರ ಲೆಕ್ಕ. ಅದೂ ಅವತ್ತು ಆ ಕೆಲಸಕ್ಕೆ ಕೈ ಹಾಕಿದವರ ಸರಾಸರಿ ಮಾತ್ರ. ಏನೂ ಮಾಡದೆ ಕೂತಿದ್ದ ಗಂಡಸು ಆ 88ರ ಒಳಗೆ ಬರುವುದೇ ಇಲ್ಲ. ಮಕ್ಕಳನ್ನು, ವಯಸ್ಸಾದವರನ್ನು ನೋಡಿಕೊಳ್ಳುವುದನ್ನು ಇದರಲ್ಲಿ ಸೇರಿಸಿಲ್ಲ, ಅದಕ್ಕೆ ಬೇರೆ ಲೆಕ್ಕ.

ಗ್ಯಾಸು, ನಲ್ಲಿ, ಮಿಕ್ಸಿ, ಫ್ರಿಜ್ಜು ಇಷ್ಟೊಂದು ಮನೆಗಳಿಗೆ ಬಂದ ಐದು ವರ್ಷದಲ್ಲಿ ಹೆಂಗಸರ ಕೆಲಸ ಇಳಿದದ್ದು 10 ನಿಮಿಷ. ಗಂಡಸರದು 9 ನಿಮಿಷ ಇಳಿಯಿತು. ಇದು ಇಡೀ ದೇಶದ ಸರಾಸರಿ, ನಮ್ಮೂರಿನದಲ್ಲ. ಆದರೂ ಚಿಕ್ಕವ್ವನ ದಿನ ನೋಡಿದಾಗ ನನಗೆ ಈ ಅಂಕಿ ಬೇರೆ ಎಲ್ಲಿಂದಲೋ ಬಂದದ್ದು ಅನ್ನಿಸುವುದಿಲ್ಲ. ಯಂತ್ರ ಭುಜದ ನೋವು ಕಡಿಮೆ ಮಾಡಿದೆ, ಹೊಗೆ ಕಡಿಮೆ ಮಾಡಿದೆ. ಇವು ಸಣ್ಣವಲ್ಲ. ಗಡಿಯಾರದ ಮುಳ್ಳನ್ನು ಮಾತ್ರ ಅಷ್ಟಾಗಿ ಅಲುಗಿಸಿಲ್ಲ. ನೆನೆಹಾಕೋದು, ಎತ್ತಿಡೋದು, ತೊಳೆಯೋದು, ಒಣಹಾಕೋದು, ಮಡಚೋದು, ನಾಳೆಗೆ ಏನು ಅಂತ ಯೋಚಿಸೋದು, ಇದ್ಯಾವುದಕ್ಕೂ ಮೆಷಿನ್ನಿನಲ್ಲಿ ಗುಂಡಿ ಇಲ್ಲ.

ಚಿಕ್ಕವ್ವನ ಮೆಷಿನ್ ಸೆಮಿ ಆಟೋಮ್ಯಾಟಿಕ್. ಹಳ್ಳಿಗಳಲ್ಲಿ ಹೆಚ್ಚಾಗಿ ಅದೇ. ಬೆಲೆ ಕಡಿಮೆ ಅನ್ನುವುದು ಒಂದು ಕಾರಣ. ಅದಕ್ಕಿಂತ ದೊಡ್ಡ ಕಾರಣ ನೀರು. ಪೂರ್ತಿ ಆಟೋಮ್ಯಾಟಿಕ್ ಮೆಷಿನ್ನಿಗೆ ನಲ್ಲಿಯಲ್ಲಿ ಒತ್ತಡದಿಂದ ಬರುವ ನೀರು ಬೇಕು. ಜಲಜೀವನ್ ಮಿಷನ್ 2019ರಲ್ಲಿ ಘೋಷಣೆಯಾಯಿತು, ಮನೆ ಮುಂದೆ ನೀಲಿ ಪೈಪೂ ಬಂತು. ನೀರು ಬರುವುದು ದಿನ ಬಿಟ್ಟು ದಿನ, ಬೆಳಗ್ಗೆ ಒಂದು ಗಂಟೆ. ಮಿಕ್ಕ ಹೊತ್ತಿಗೆ ಬೀದಿ ಕೊನೆಯ ತೊಂಬೆಯೇ ಗತಿ. ಒಂದು ಸಲದ ಬಟ್ಟೆಗೆ ಏಳೆಂಟು ಬಿಂದಿಗೆ ನೀರು ಹೊತ್ತು ತಂದು ಮೆಷಿನ್ನಿಗೆ ಸುರಿಯುತ್ತಾಳೆ. ಕಾಲರು, ಪಂಚೆ ಅಂಚು ಮೊದಲೇ ಕಲ್ಲಿನ ಮೇಲೆ ಉಜ್ಜಿರುತ್ತಾಳೆ. "ಮಿಸಿನ್ಗೆ ಕೊಳೆ ಕಾಣಾಕಿಲ್ಲ ಕನಪ್ಪ" ಅನ್ನುವುದು ಅವಳ ತಕರಾರು. ಹಿಂಡುವ ಕಷ್ಟ ಮಾತ್ರ ಪೂರ್ತಿ ತಪ್ಪಿದೆ. ರಗ್ಗು, ದಪ್ಪ ಸೀರೆ ಹಿಂಡಿ ಹಿಂಡಿ ಅವಳ ಮಣಿಕಟ್ಟು ಹೋಗಿತ್ತು. ಆ ಒಂದಕ್ಕೇ ಅವಳು ಮೆಷಿನ್ ತಂದದ್ದು.

ಈಗ ಕರೆಂಟಿನ ವಿಷಯ. ಇಲ್ಲಿ ಒಂದು ತಮಾಷೆ ಇದೆ, ಅಥವಾ ಅನ್ಯಾಯ, ಹೇಗೆ ಬೇಕಾದರೂ ಕರೆಯಿರಿ. ಗೃಹಜ್ಯೋತಿ ಅಂದರೆ 200 ಯೂನಿಟ್ ಉಚಿತ ಅಂತ ಎಲ್ಲರೂ ಹೇಳುತ್ತಾರೆ. ನಿಯಮ ಹಾಗಿಲ್ಲ. 2022-23ರಲ್ಲಿ ನಿಮ್ಮ ಮನೆ ತಿಂಗಳಿಗೆ ಸರಾಸರಿ ಎಷ್ಟು ಬಳಸಿತ್ತೋ ಅದಕ್ಕೆ ಶೇ 10 ಸೇರಿಸಿದರೆ ಬರುವಷ್ಟು ಯೂನಿಟ್ ನಿಮಗೆ ಉಚಿತ. 200 ಅನ್ನುವುದು ಮೇಲಿನ ಗಡಿ. ನಿಮ್ಮ ಪಾಲು ದಾಟಿದರೆ ದಾಟಿದಷ್ಟಕ್ಕೆ ದುಡ್ಡು ಕಟ್ಟಬೇಕು, 200 ದಾಟಿದರೆ ಪೂರ್ತಿ ಬಿಲ್ಲು. 2024ರ ಶುರುವಿನಲ್ಲಿ ಒಂದು ತಿದ್ದುಪಡಿ ಬಂತು. ಸರಾಸರಿ 48 ಯೂನಿಟ್ಟಿಗಿಂತ ಕಡಿಮೆ ಇದ್ದವರಿಗೆ ಶೇ 10ರ ಬದಲು 10 ಯೂನಿಟ್ ಸೇರಿಸಿದರು.

ಈಗ ಎರಡು ಮನೆ ಇಟ್ಟು ನೋಡೋಣ. 2022-23ರಲ್ಲಿ ಚಿಕ್ಕವ್ವನ ಮನೆಯಲ್ಲಿ ಎಲ್‌ಇಡಿ ಬಲ್ಬು, ಒಂದು ಫ್ಯಾನು, ಟೀವಿ, ಮಿಕ್ಸಿ. ಸರಾಸರಿ 31 ಯೂನಿಟ್. ಮೊದಲು ಅವಳಿಗೆ ಸಿಕ್ಕಿದ್ದು 34, ತಿದ್ದುಪಡಿ ಆದ ಮೇಲೆ 41. ಅದೇ ವರ್ಷ ನನ್ನ ಮೈಸೂರಿನ ಮನೆಯಲ್ಲಿ ಫ್ರಿಜ್ಜಿತ್ತು, ವಾಷಿಂಗ್ ಮೆಷಿನ್ನಿತ್ತು, ಗೀಸರ್ ಇತ್ತು. ಸರಾಸರಿ 130. ನನಗೆ ಸಿಗುವುದು 143. ಮೊದಲೇ ಫ್ರಿಜ್ ಇದ್ದವನಿಗೆ ಫ್ರಿಜ್ಜಿನ ಕರೆಂಟು ಪುಕ್ಕಟೆ. ಗೃಹಲಕ್ಷ್ಮಿ ದುಡ್ಡು ಕೂಡಿಟ್ಟು ಆಮೇಲೆ ಫ್ರಿಜ್ ತಂದವಳಿಗೆ ಅದರ ಕರೆಂಟಿಗೆ ಬಿಲ್ಲು. ಒಂದು ಯೋಜನೆ ಕೊಡಿಸಿದ ವಸ್ತುವನ್ನು ಇನ್ನೊಂದು ಯೋಜನೆ ಲೆಕ್ಕಕ್ಕೇ ಹಿಡಿದಿಲ್ಲ. ಹೊಸದಾಗಿ ಮೀಟರ್ ಹಾಕಿಸಿದ ಮನೆಗೆ ರಾಜ್ಯದ ಸರಾಸರಿ 53 ಯೂನಿಟ್ ಹಿಡಿದು, ಶೇ 10 ಸೇರಿಸಿ 58 ಕೊಟ್ಟರು. ಅಂದರೆ ಹಳೇ ಮೀಟರಿನ ಬಡ ಮನೆಗಿಂತ ಹೊಸ ಮೀಟರಿನವರಿಗೇ ಜಾಸ್ತಿ ಸಿಕ್ಕಿತು.

ನಿಯಮ ಮಾಡಿದವರ ವಾದ ನನಗೆ ಅರ್ಥವಾಗುತ್ತದೆ. ಎಲ್ಲರಿಗೂ ಸುಮ್ಮನೆ 200 ಅಂದರೆ ಜನ ಬೇಕಂತಲೇ 200ರವರೆಗೆ ಉರಿಸುತ್ತಾರೆ, ಖಜಾನೆ ತಡೆಯುವುದಿಲ್ಲ. ಸರಿ. ಆದರೆ ಹಿಂದಿನ ಬಳಕೆಯನ್ನೇ ಅಳತೆಗೋಲು ಮಾಡಿದರೆ ಹಿಂದೆ ಬಳಸಲಾಗದೆ ಇದ್ದವರು ಅಲ್ಲೇ ನಿಲ್ಲುತ್ತಾರೆ. ಇಂಥ ಮನೆಗೆಲ್ಲ ಒಂದೇ ತಳಮಟ್ಟ ಇಟ್ಟಿದ್ದರೆ, 75 ಅನ್ನಿ, 80 ಅನ್ನಿ, ನನ್ನಂಥವನಿಗೆ ಕೊಡುವುದನ್ನು ಸ್ವಲ್ಪ ಇಳಿಸಿ ಸರಿದೂಗಿಸಬಹುದಿತ್ತು.

ಯಾವ ಯಂತ್ರ ಎಷ್ಟು ತಿನ್ನುತ್ತದೆ ಅಂತಲೂ ಒಂದು ಸಲ ಕೂಡಿ ನೋಡಿದೆ. 750 ವ್ಯಾಟ್ ಮಿಕ್ಸಿ ದಿನಕ್ಕೆ 10 ನಿಮಿಷ ಓಡಿದರೆ ತಿಂಗಳಿಗೆ 4 ಯೂನಿಟ್ ಕೂಡ ಆಗುವುದಿಲ್ಲ. ಸೆಮಿ ಆಟೋಮ್ಯಾಟಿಕ್ ಮೆಷಿನ್ನಿಗೂ ಅಷ್ಟೇ, ಮೂರೋ ನಾಲ್ಕೋ. 75 ವ್ಯಾಟಿನ ಹಳೇ ಫ್ಯಾನು ದಿನಕ್ಕೆ 8 ಗಂಟೆ ತಿರುಗಿದರೆ 18 ಯೂನಿಟ್. ಟೀವಿ ಐದಾರು ಗಂಟೆ ಹಾಕಿದರೆ 8-9. ಸಣ್ಣ ಫ್ರಿಜ್ಜು 15ರಿಂದ 20. ಹೆಂಗಸರ ತೋಳಿಗೆ ಬದಲಾಗಿ ದುಡಿಯುವ ಎರಡು ಯಂತ್ರಗಳೂ ಎಲ್ಲಕ್ಕಿಂತ ಕಡಿಮೆ ಕರೆಂಟು ಕುಡಿಯುತ್ತವೆ. ಬಿಲ್ಲು ಜಾಸ್ತಿ ಬಂದಾಗ ಮನೆಯಲ್ಲಿ ಮೊದಲು ಬೈಸಿಕೊಳ್ಳುವುದು ಮಾತ್ರ ಅವೇ.

ಕಳೆದುಕೊಂಡದ್ದು ಏನೂ ಇಲ್ಲವಾ? ಇದೆ. ನಾಲೆ. ವಿಶ್ವೇಶ್ವರಯ್ಯ ನಾಲೆಯ ಕೊನೆ ಭಾಗ ನಮ್ಮದು. ಕನ್ನಂಬಾಡಿಯಲ್ಲಿ ನೀರು ಬಿಟ್ಟರೂ ನಮಗೆ ಮುಟ್ಟೋಕೆ ದಿನ ಹಿಡಿಯುತ್ತದೆ. ನೀರು ಬಂತು ಅಂದ ಕೂಡಲೇ ಬೀದಿಯ ಹೆಂಗಸರೆಲ್ಲ ಬಟ್ಟೆಗಂಟು ಹೊತ್ತು ಹೊರಡುತ್ತಿದ್ದರು. ಬೆನ್ನು ಮುರಿಯುವ ಕೆಲಸವೇ. ನಾಲೆ ಅಪಾಯವೂ ಹೌದು, ಪಾಚಿ ಕಟ್ಟಿದ ಮೆಟ್ಟಿಲಲ್ಲಿ ಕಾಲು ಜಾರಿದವರು ಇದ್ದಾರೆ. ಆದರೆ ಅದು ಅವರಿಗೆ ಮನೆಯಿಂದ ಹೊರಗೆ, ಅತ್ತೆಯ ಕಿವಿಗೆ ಬೀಳದೆ, ಎರಡು ಗಂಟೆ ಮಾತಾಡಲು ಸಿಗುತ್ತಿದ್ದ ಒಂದೇ ನೆಪ. ಯಾರ ಗಂಡ ಕುಡಿದು ಬಂದ, ಯಾರಿಗೆ ತಿಂಗಳು ನಿಂತಿದೆ, ಯಾರ ಮಗಳಿಗೆ ಗಂಡು ನೋಡುತ್ತಿದ್ದಾರೆ, ಎಲ್ಲ ಅಲ್ಲೇ. ಈಗ ಚಿಕ್ಕವ್ವ ಒಗೆಯುವುದು ಒಬ್ಬಳೇ, ಹಿತ್ತಲಲ್ಲಿ. ಯುಗಾದಿಗೂ ಮಾರ್ಲಾಮಿಗೂ ಮುಂಚೆ ರಗ್ಗು, ಕಂಬಳಿ ಮೆಷಿನ್ನಿಗೆ ಹಿಡಿಸುವುದಿಲ್ಲ ಅಂತ ನಾಲೆಗೆ ಹೋಗುತ್ತಾಳೆ. ಹಿಡಿಸಿದರೂ ಹೋಗುತ್ತಾಳೆ ಅಂತ ನನ್ನ ಅನುಮಾನ.

ಹೋದ ತಿಂಗಳು ಊರಲ್ಲಿ ರಾತ್ರಿ ಉಳಿದಿದ್ದೆ. ಊಟವಾಗಿ ಒಂಬತ್ತು ಗಂಟೆಗೆ ಚಿಕ್ಕವ್ವ ನಡುಮನೆಗೆ ಬಂದು ಫ್ರಿಜ್ಜಿನ ಸ್ವಿಚ್ ಆಫ್ ಮಾಡಿದಳು. ಯಾಕೆ ಅಂದೆ. ದೇವರ ಫೋಟೋ ಹಿಂದಿನಿಂದ ಕರೆಂಟಿನ ಬಿಲ್ಲುಗಳನ್ನು ತೆಗೆದು ಮುಂದೆ ಹಿಡಿದಳು. ಒಟ್ಟು 52, ಉಚಿತ 41. ಮಿಕ್ಕ 11ಕ್ಕೆ ಅವಳೇ ಗೃಹಲಕ್ಷ್ಮಿ ದುಡ್ಡಿನಿಂದ ಕಟ್ಟಬೇಕು ಅಂತ ಚಿಕ್ಕಪ್ಪ ಮೊದಲೇ ಹೇಳಿದ್ದಾನೆ.

"ರಾತ್ರಿ ಆಪ್ ಮಾಡುದ್ರೆ ಅಂಥದೇನೂ ಉಳಿಯಲ್ಲ ಚಿಕ್ಕವ್ವ. ಬೆಳಗ್ಗೆ ಹಾಕಿದಾಗ ಅದು ಮತ್ತೆ ಮೊದಲಿಂದ ತಣ್ಣಗಾಗಬೇಕು, ಅಲ್ಲೇ ಎಳೆದುಬಿಡುತ್ತೆ" ಅಂದೆ.

"ಎರಡ್ ಯೂನಿಟ್ ಉಳುದ್ರೂ ಉಳೀತು ಬುಡು" ಅಂದಳು. ನಾಳೆಯ ಹಾಲನ್ನು ಫ್ರಿಜ್ಜಿನಿಂದ ತೆಗೆದು, ಅಡುಗೆಮನೆಗೆ ಒಯ್ದು, ನೀರಿನ ಬೋಗುಣಿಯಲ್ಲಿ ಇಟ್ಟು ಬಂದಳು. ಆಮೇಲೆ ಗೋಡೆಗೆ ಒರಗಿ ಕೂತು ಬೆಳಗ್ಗೆ ಒಗೆದ ಬಟ್ಟೆ ಮಡಚತೊಡಗಿದಳು.

ಟೀವಿ ಹನ್ನೊಂದು ಗಂಟೆವರೆಗೂ ಓಡಿತು.